ಸರೋಜಳ ಪಕ್ಕದ ಕುರ್ಚಿ

ಹೊಟ್ಟೆಕಿಚ್ಚು ಒಳ್ಳೆಯದಲ್ಲ ಎಂದು ಮೂವತ್ತೊಂದು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ಅದು ಎಷ್ಟು ಉರಿಯುತ್ತದೆಂದು ತಿಳಿದದ್ದು ಮಾತ್ರ ನಿವೃತ್ತನಾಗಿ, ಕಳಸದ ಲೈಬ್ರರಿಯಲ್ಲಿ ಸೇರುವ ಬರಹಗಾರರ ಗುಂಪಿಗೆ ಹೋಗತೊಡಗಿದ ಮೇಲೆ. ಅದೂ ಯಾರ ಮೇಲೆ? ದೊಡ್ಡ ಸಾಹಿತಿಯೊಬ್ಬರ ಮೇಲಾಗಿದ್ದರೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದಿತ್ತು. ನನ್ನದೇ ಹಳೆಯ ವಿದ್ಯಾರ್ಥಿನಿ, ಬಾಳೂರಿನ ಎಸ್ಟೇಟಿನಲ್ಲಿ ಕಾಫಿ ಕೊಯ್ಯುವ ಸರೋಜಳ ಮೇಲೆ! ಎಂಟನೇ ತರಗತಿಯಲ್ಲಿ ನಾನು ಬೋರ್ಡಿನ ಮೇಲೆ ಬರೆದುಕೊಟ್ಟ ಪ್ರಬಂಧವನ್ನು ನೆಟ್ಟಗೆ ಇಳಿಸಿಕೊಳ್ಳುವುದು ಬಿಟ್ಟು, ನಡುನಡುವೆ ಏನೇನೋ ಸೇರಿಸುತ್ತಿದ್ದಳು. ಹತ್ತಕ್ಕೆ ನಾಲ್ಕು ಕೊಟ್ಟು, "ಅಧಿಕಪ್ರಸಂಗ ಬೇಡ" ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದೆ.

ನಮ್ಮ ಗುಂಪಿನಲ್ಲೊಂದು ಪದ್ಧತಿಯಿದೆ. ಭಾನುವಾರ ಲೈಬ್ರರಿಯ ಭಾಗ್ಯ ಮೇಡಂ ಒಂದು ವಿಷಯ ಕೊಡುತ್ತಾರೆ. ಮುಂದಿನ ಭಾನುವಾರ ಅಕ್ಕಪಕ್ಕ ಕೂತವರು ನೋಟ್‌ಬುಕ್ ಅದಲುಬದಲು ಮಾಡಿಕೊಂಡು, ಒಬ್ಬರದನ್ನು ಇನ್ನೊಬ್ಬರು ಗಟ್ಟಿಯಾಗಿ ಓದಬೇಕು. ತಮ್ಮದನ್ನು ತಾವೇ ಓದಲು ಬಿಟ್ಟರೆ ಕೆಲವರು ನಿಲ್ಲಿಸುವುದೇ ಇಲ್ಲ ಎನ್ನುವುದು ಮೇಡಂ ಅನುಭವ. ಆ ಅನುಭವ ಅವರಿಗೆ ನನ್ನಿಂದಲೇ ಆದದ್ದು. ಎಲ್ಲರೂ ಮೆಚ್ಚಿದ ಬರಹ ಒಂದು ವಾರ ಪೇಪರ್ ಟೇಬಲ್ಲಿನ ಎದುರಿನ ಹಲಗೆಯ ಮೇಲಿರುತ್ತದೆ. ಏಳು ತಿಂಗಳಿನಿಂದ ನಾನು ಆ ಹಲಗೆಯ ಮೇಲೆ ಕಣ್ಣಿಟ್ಟಿದ್ದೆ. ಅಲ್ಲಿ ನೋಡಿದಾಗಲೆಲ್ಲ ಸರೋಜಳದೇ ಬರಹ. ನನ್ನ ಹೆಂಡತಿ ಕೂಡ ಸೊಪ್ಪು ತರಲು ಹೋದವಳು ಅದನ್ನು ಓದಿ, ದಾರಿಯುದ್ದಕ್ಕೂ ನಗುತ್ತಾ ಬರುತ್ತಿದ್ದಳು.

ಕೊಡೆಯ ಬಗ್ಗೆ ಬರೆಯಬೇಕಿದ್ದ ವಾರ ನಾನು ತಡವಾಗಿ ಹೋದೆ. ಖಾಲಿ ಇದ್ದದ್ದು ಸರೋಜಳ ಪಕ್ಕದ ಕುರ್ಚಿಯೊಂದೇ. ಅವಳ ನೋಟ್‌ಬುಕ್ ನನ್ನ ಕೈಗೆ ಬಂದಾಗ ನನ್ನ ಮನಸ್ಸಿಗೆ ಬಂದ ಯೋಚನೆ ಮೇಷ್ಟ್ರಾದವನಿಗೆ ಶೋಭಿಸುವಂಥದ್ದಲ್ಲ. ಏರಿಳಿತವಿಲ್ಲದೆ, ಹಾಜರಿ ಕರೆಯುವ ದನಿಯಲ್ಲಿ ಓದಿ ಮುಗಿಸಿಬಿಡೋಣ ಎಂದುಕೊಂಡೆ. ಹಾಗೆಯೇ ಓದಿದೆ. ತೋಟದ ಮೇಸ್ತ್ರಿಯೊಬ್ಬ ಹೆಣ್ಣಾಳಿನ ಕೊಡೆಯನ್ನೇ ಇಸಿದುಕೊಂಡು, ಅದರಡಿ ನಿಂತು, "ಮಳೆಗೆ ಹೆದರ್ತೀಯಾ?" ಎಂದು ಅವಳನ್ನೇ ಬೈಯುವ ಕಥೆ. ನಾನು ಮುಖ ಗಂಟಿಕ್ಕಿದಷ್ಟೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಸ್ತ್ರಿ ಎದುರಿಗೇ ನಿಂತಂತಿತ್ತು ಎಂದು ಒಬ್ಬರು ನನ್ನ ಬೆನ್ನು ತಟ್ಟಿದರು.

ಆಮೇಲೆ ಸರೋಜ ನನ್ನದನ್ನು ಓದಿದಳು. ಮಾನವ ಸಂಸ್ಕೃತಿಯಲ್ಲಿ ಕೊಡೆಗಿರುವ ಸ್ಥಾನದಿಂದ ನಾನು ಶುರುಮಾಡಿದ್ದೆ. ಓದುತ್ತಾ ಓದುತ್ತಾ ಒಂದು ಸಾಲು ಬಂತು: "ಗಾಳಿಗೆ ಕೊಡೆ ಮೇಲ್ಮುಖವಾದರೂ ಮೇಷ್ಟ್ರು ಅದನ್ನೇ ಹಿಡಿದು, ತೊಯ್ಯುತ್ತಾ, ಮಳೆಗೇ ಶಿಸ್ತಿನ ಪಾಠ ಹೇಳುತ್ತಿದ್ದರು." ಕೋಣೆಯೆಲ್ಲ ನಗು. ಬರೆದವನಿಗೇ ಮರೆತುಹೋಗುವಷ್ಟು ಸಹಜವಾಗಿ ಬಂದಿದೆಯಲ್ಲ ಎಂದು ನಾನು ಹಿಗ್ಗಿದೆ. ಅಂತೂ ಹಲಗೆಯ ಮೇಲೆ ನನ್ನ ಬರಹ ಏರಿತು.

ಮನೆಗೆ ಬಂದು ಆ ಸಾಲನ್ನು ಹೆಂಡತಿಗೆ ಮೂರು ಸಲ ಹೇಳಿದೆ. ಮರುದಿನ ಅವಳು ಅದನ್ನು ನೋಡಲೆಂದೇ ಲೈಬ್ರರಿಗೆ ಹೋದಳು. ಸಾಮಾನಿನ ಚೀಟಿ ಓದಿ ಓದಿ ನನ್ನ ಅಕ್ಷರಕ್ಕೆ ಪಳಗಿದವಳು. ವಾಪಸ್ ಬಂದು, "ನೀವು ಹೇಳಿದ ಸಾಲು ಅದ್ರಲ್ಲಿ ಇಲ್ವಲ್ರೀ? ಎರಡು ಸಲ ಓದ್ದೆ" ಎಂದಳು.

ಓಡಿಹೋಗಿ ನೋಡಿದೆ. ಇರಲಿಲ್ಲ. ಮುಂದಿನ ಭಾನುವಾರ ಸರೋಜಳನ್ನು ಮೆಲ್ಲಗೆ ಕೇಳಿದೆ.

"ಅಯ್ಯೋ, ತಪ್ಪಾಯ್ತಾ ಸಾರ್?" ಎಂದಳು. "ನಿಮ್ಮ ಅಕ್ಷರ ಎಂಥದೂ ಗೊತ್ತಾಗ್ಲಿಲ್ಲ. ಎಲ್ರೂ ಕಾಯ್ತಾ ಇದ್ರು, ಅದ್ಕೆ ತೋಚಿದ್ದು ಸೇರಿಸ್ಕೊಂಡು ಓದ್ದೆ. ಶಾಲೇಲೂ ಬೋರ್ಡ್ ಮೇಲೆ ನೀವು ಬರೆದದ್ದು ನಂಗೆ ಗೊತ್ತಾಗ್ತಿರ್ಲಿಲ್ಲ. ಆಗ್ಲೂ ಹೀಗೇ ಮಾಡ್ತಿದ್ದೆ."

ಆ ಕೆಂಪು ಶಾಯಿಯ ನಾಲ್ಕು ಅಂಕ ಕಣ್ಣ ಮುಂದೆ ಬಂತು. ನಾಚಿಕೆಯಾಯಿತು. ನಾಲ್ಕೇ ಕೊಟ್ಟದ್ದು ನನ್ನ ತಪ್ಪು ಎಂದು ಅಲ್ಲೇ ಹೇಳಿಬಿಡಬೇಕಿತ್ತು. ಆ ಸಾಲು ಅವಳದೆಂದು ಭಾಗ್ಯ ಮೇಡಂಗೂ ಹೇಳಬೇಕಿತ್ತು. ಬಾಯಿ ತೆರೆದೆ. "ಪರವಾಗಿಲ್ಲಮ್ಮ" ಎಂಬುದಷ್ಟೇ ಹೊರಬಂತು.

ಈಗ ಭಾನುವಾರಗಳಂದು ಅರ್ಧ ಗಂಟೆ ಮೊದಲೇ ಹೋಗಿ ಸರೋಜಳ ಪಕ್ಕದ ಕುರ್ಚಿಯ ಮೇಲೆ ನನ್ನ ಕೊಡೆ ಇಟ್ಟಿರುತ್ತೇನೆ. ಅಕ್ಷರವನ್ನೂ ಮೊದಲಿಗಿಂತ ಕೆಟ್ಟದಾಗಿ ಬರೆಯುತ್ತಿದ್ದೇನೆ.