ಗೋಡೆ ಮೇಸ್ತ್ರಿಯ ಖಾಲಿ ಫ್ಲಾಸ್ಕು

ಮಗಳ ಎಡಗಡೆಯ ಜಡೆ ಮುಗಿದು ಬಲಗಡೆಯದಕ್ಕೆ ಕೈ ಹಾಕುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಅವಳು ಬಾಚಣಿಗೆಯನ್ನು ಬಾಯಲ್ಲಿ ಕಚ್ಚಿಕೊಂಡೇ ಎತ್ತಿದಳು. ಅತ್ತ ಕಡೆ ಪ್ರಯೋಗಾಲಯದ ಫಳಫಳ ಮೇಡಂ. ಎಲ್ಲಿ ಕಲೆ ಕಂಡರೂ ಉಜ್ಜದೆ ಬಿಡದ ಆ ಹಿರಿಯ ಸಹೋದ್ಯೋಗಿಗೆ ಎಲ್ಲರೂ ಸೇರಿ ಇಟ್ಟ ಹೆಸರು ಅದು.

"ನಿನ್ನ ಶೆಲ್ಫು ನೋಡೋಕಾಗ್ತಿರಲಿಲ್ಲ ಕಣಮ್ಮ. ಬೆಳಿಗ್ಗೆನೇ ಬಂದು ಒರೆಸಿಟ್ಟಿದೀನಿ. ಖಾಲಿ ಫ್ಲಾಸ್ಕು ಒಂದು ಬಿದ್ದಿತ್ತು, ಅದನ್ನೂ ತೊಳೆದೆ."

ಬಾಚಣಿಗೆ ಕೆಳಗೆ ಬಿತ್ತು.

ಅವಳ ಕೆಲಸ ಹೊರಗಿನವರಿಗೆ ಹೇಳುವುದು ಕಷ್ಟ. ಬ್ಯಾಕ್ಟೀರಿಯಾದ ಮೈಸುತ್ತ ಒಂದು ಗೋಡೆಯಿರುತ್ತದೆ. ಅದರ ಸಣ್ಣ ಚೂರು ಕಂಡರೂ ಸಾಕು, ನಮ್ಮ ಮೈಯೊಳಗಿನ ಕಾವಲು ಕೋಶಗಳು ಕಳ್ಳ ಬಂದ ಎಂದು ಗುಲ್ಲೆಬ್ಬಿಸುತ್ತವೆ. ಆದರೆ ಯಾವ ಚೂರನ್ನು ಕಂಡು? ಬ್ಯಾಕ್ಟೀರಿಯಾವನ್ನೇ ಒಡೆದು ಚೂರು ತೆಗೆದರೆ ಅದರ ಜೊತೆ ನೂರೆಂಟು ಕಸವೂ ಬರುತ್ತದೆ, ಏನನ್ನು ಕಂಡು ಕೂಗಿದವೋ ತಿಳಿಯುವುದಿಲ್ಲ. ಅದಕ್ಕೇ ಇವಳು ಒಂದು ಬ್ಯಾಕ್ಟೀರಿಯಾವೂ ಸೋಕದಂತೆ, ಬರೀ ರಾಸಾಯನಿಕಗಳಿಂದಲೇ ಆ ಚೂರನ್ನು ಕಟ್ಟುತ್ತಿದ್ದಳು. ಸಕ್ಕರೆಯ ಅಣುವಿಗೆ ಅಮೈನೋ ಆಮ್ಲಗಳ ಗಿಡ್ಡ ಬಾಲ ಅಂಟಿಸುವ ಕೆಲಸ. ಪ್ರಯೋಗಾಲಯದಲ್ಲಿ ಅವಳಿಗೆ ಗೋಡೆ ಮೇಸ್ತ್ರಿ ಎಂದೇ ಹೆಸರು. ಒಂದು ವರ್ಷ ಮೈಮುರಿದು ಕಟ್ಟಿದ ಮೇಲೆ ಕೈಗೆ ಸಿಕ್ಕಿದ್ದು, ಫ್ಲಾಸ್ಕಿನ ಒಳಮೈಗೆ ಉಸಿರು ತಾಗಿದ ಹಾಗೆ ಅಂಟಿಕೊಂಡ ಒಂದು ಪೊರೆ. ಗೊತ್ತಿಲ್ಲದವರ ಕಣ್ಣಿಗೆ ಅದು ಖಾಲಿ ಫ್ಲಾಸ್ಕೇ.

ಆ ಪೊರೆಯನ್ನು ಕಾವಲು ಕೋಶಗಳ ಮುಂದಿಡಬೇಕಾದ ದಿನ ಇವತ್ತೇ. ಕೋಶಗಳು ಗುರುತು ಹಿಡಿಯದಿದ್ದರೆ ಈ ಕೆಲಸಕ್ಕೆ ಮಂಗಳ ಹಾಡಿ ಮೇಜು ಬೇರೆಯವರಿಗೆ ಕೊಡುವುದಾಗಿ ವಿಭಾಗದ ದೊಡ್ಡವರು ಹೇಳಿಯಾಗಿತ್ತು.

ಶಾಲೆಗೆ ರಜೆ, ಮಗಳ ಅಪ್ಪ ಊರಲ್ಲಿಲ್ಲ. ಒಂದೇ ಜಡೆಯ ಮಗಳನ್ನು ಎಳೆದುಕೊಂಡು ಓಡಿದಳು. ದಾರಿಯುದ್ದಕ್ಕೂ ಮಗಳು ಏನಾಯಿತು, ಯಾಕಾಯಿತು ಎಂದು ಕೇಳಿದಳು. ಇವಳು ಏದುಸಿರು ಬಿಡುತ್ತಲೇ ಗೋಡೆ, ಚೂರು, ಕಾವಲು ಎಲ್ಲವನ್ನೂ ಹೇಳಿ, ಇನ್ನು ಬಾಯಿ ಮುಚ್ಚಿಕೊಂಡು ಆಫೀಸಿನ ಕುರ್ಚಿಯಲ್ಲಿ ಕೂತಿರಬೇಕು, ಏನಿದ್ದರೂ ಆಮೇಲೆ ಕೇಳಬೇಕು ಎಂದು ಮಾತು ತೆಗೆದುಕೊಂಡಳು.

ಶೆಲ್ಫು ಮದುವೆಮನೆಯ ಹಾಗೆ ಹೊಳೆಯುತ್ತಿತ್ತು. ತೊಳೆದ ಫ್ಲಾಸ್ಕು ತಲೆಕೆಳಗಾಗಿ ನಿಂತಿತ್ತು. ಚೀಟಿಯೇನೂ ಇರಲಿಲ್ಲವೇ ಎಂದು ಕೇಳಿದ್ದಕ್ಕೆ ಫಳಫಳ ಮೇಡಂ, ಚೀಟಿ ಇದ್ದಿದ್ದರೆ ತಾನೇಕೆ ಮುಟ್ಟುತ್ತಿದ್ದೆ, ಒಳಗೆ ಬರೀ ಒಂದಿಷ್ಟು ಜಿಡ್ಡಿತ್ತು, ತಿಕ್ಕಿ ತಿಕ್ಕಿ ತೋಳು ನೋವು ಬಂತು ಎಂದು ಗೊಣಗಿದರು. ಚೀಟಿ ಒದ್ದೆಯಾಗಿ ಉದುರಿರಬೇಕು ಅಂದುಕೊಂಡಳು ಮೇಸ್ತ್ರಿ. ಪುಣ್ಯಕ್ಕೆ ಮೊದಲು ತೊಳೆದ ನೀರನ್ನು ಮೋರಿಗೆ ಬಿಡಬಾರದೆಂಬ ನಿಯಮವಿತ್ತು. ಮೇಡಂ ನಿಯಮ ಮೀರುವವರಲ್ಲ. ಆ ನೀರು ಬೀಕರಿನಲ್ಲಿ ಹಾಗೇ ಇತ್ತು.

ಇನ್ನೊಂದು ಪುಣ್ಯವೆಂದರೆ ಪಕ್ಕದ ಮೇಜಿನ ಉಪಕಾರಿ ಅವತ್ತು ಬೆಳಿಗ್ಗೆಯಿಂದ ಬೇರೆ ಕಟ್ಟಡಕ್ಕೆ ಯಂತ್ರ ರಿಪೇರಿಗೆ ಹೋಗಿದ್ದ. ಕೇಳದೆಯೇ ಸಹಾಯ ಮಾಡುವ ಪ್ರಾಣಿ ಅವನು. ಹಿಂದೊಮ್ಮೆ ಅವಳ ಒಲೆ ಆರಿದೆ ಎಂದು ಮರುಕಪಟ್ಟು, ತಣ್ಣಗೇ ಇರಬೇಕಾದದ್ದನ್ನು ಕುದಿಸಿಟ್ಟಿದ್ದ.

ಬೀಕರಿನ ನೀರನ್ನು ಸೋಸಿ, ಯಂತ್ರದಲ್ಲಿ ತಿರುಗಿಸಿ ತಿರುಗಿಸಿ ಇಂಗಿಸಿದಳು. ಮಧ್ಯೆ ದೊಡ್ಡವರು ಬಂದು ಆಯಿತೇ ಎಂದರು. ಮೇಡಂ ಬಂದು ಯಂತ್ರದ ಮೇಲಿನ ಧೂಳು ಒರೆಸುವ ಭರದಲ್ಲಿ ಅದರ ಸ್ವಿಚ್ಚನ್ನೇ ಆರಿಸಿದರು. ಸಿಕ್ಕಿದ್ದು ಶುದ್ಧವೋ ಅಲ್ಲವೋ ನೋಡೋಣವೆಂದರೆ ಪರೀಕ್ಷಿಸುವ ಯಂತ್ರದ ಮುಂದೆ ಸಂಜೆವರೆಗೆ ಸಾಲು. ಕೋಶಗಳನ್ನು ಕೂಸುಗಳಂತೆ ಸಾಕುವ, ಎಲ್ಲರೂ ಸಾಕುತಾಯಿ ಎನ್ನುವ ಹೆಂಗಸು ಬಾಗಿಲಲ್ಲೇ ನಿಂತಿದ್ದಳು.

"ತಂದರೆ ಈಗ ತಾ. ನನ್ನ ಮಕ್ಕಳು ನಾಳೆವರೆಗೆ ಕಾಯಲ್ಲ."

ಕೊಟ್ಟಳು. ಕೋಶಗಳು ಗುರುತು ಹಿಡಿದರೆ ಅವನ್ನಿಟ್ಟ ತಟ್ಟೆ ನೀಲಿಯಾಗಬೇಕು, ಇಲ್ಲದಿದ್ದರೆ ಇದ್ದ ಹಾಗೇ ಇರಬೇಕು. ಮೇಸ್ತ್ರಿ ಊಟ ಬಿಟ್ಟು, ಉಗುರು ಕಚ್ಚಿ, ಆ ಬಾಗಿಲಿಗೂ ಈ ಬಾಗಿಲಿಗೂ ಓಡಾಡಿ ಸವೆದಳು.

ಸಂಜೆ ತಟ್ಟೆ ನೀಲಿಯಾಗಿತ್ತು. ಸುಮ್ಮನೆ ನೀಲಿಯಲ್ಲ, ಶಾಯಿ ಚೆಲ್ಲಿದಂಥ ನೀಲಿ. ತಟ್ಟೆಯಲ್ಲಿ ಹೋಲಿಕೆಗೆಂದು ಬರೀ ಶುದ್ಧ ನೀರು ಹಾಕಿದ ಗುಳಿಗಳು ಮಾತ್ರ ತೆಪ್ಪಗಿದ್ದವು. ಇಷ್ಟು ಜೋರಾಗಿ ಕೂಗಿದ್ದನ್ನು ತಾನು ಕಂಡೇ ಇಲ್ಲವೆಂದಳು, ತಟ್ಟೆಯನ್ನು ಆಫೀಸಿಗೇ ಹೊತ್ತು ತಂದ ಸಾಕುತಾಯಿ. ದೊಡ್ಡವರು ಆಫೀಸಿನಲ್ಲೇ ನಿಂತು ಸಂಸ್ಥೆಯ ಮುಖ್ಯಸ್ಥರಿಗೆ ಫೋನು ಹಚ್ಚಿದರು. ಮೇಸ್ತ್ರಿ ಮಗಳ ಪಕ್ಕದ ಕುರ್ಚಿಯಲ್ಲಿ ಕುಸಿದಳು. ಅವಳ ಕಣ್ಣಲ್ಲಿ ನೀರಿತ್ತು.

ಆಗ ಉಪಕಾರಿ ಬಂದ. ಕೈಯಲ್ಲೊಂದು ಫ್ಲಾಸ್ಕು, ಅದರ ಮೇಲೆ ಅವಳದೇ ಅಕ್ಷರದ ಚೀಟಿ.

"ತಗೊಳ್ಳಿ ಮೇಡಂ. ಫಳಫಳ ಮೇಡಂ ಕಣ್ಣಿಗೆ ಬಿದ್ದರೆ ಕಷ್ಟ ಅಂತ ನಿನ್ನೆ ಸಂಜೆನೇ ನನ್ನ ಫ್ರೀಜರಲ್ಲಿ ಇಟ್ಟಿದ್ದೆ."

ಅವಳು ಚೀಟಿಯನ್ನು ಎರಡು ಸಲ ಓದಿದಳು. "ಮತ್ತೆ ನನ್ನ ಶೆಲ್ಫಲ್ಲಿದ್ದದ್ದು?"

"ಅದು ನಂದು. ನಿಮ್ಮ ಜಾಗ ಯಾರೂ ಹಿಡೀಬಾರದಲ್ಲ, ಬಸ್ಸಿನ ಸೀಟಿಗೆ ಕರವಸ್ತ್ರ ಹಾಕ್ತಾರಲ್ಲ, ಹಾಗೆ. ಅದರಲ್ಲಿ ನೀರು ತುಂಬಿ ಬಳ್ಳಿ ಬೆಳೆಸ್ತಿದ್ದೆ. ಕೊಳೆತುಹೋಯ್ತು ಅಂತ ನೀರು ಚೆಲ್ಲಿ ಬಳ್ಳಿ ಎಸೆದಿದ್ದೆ, ತೊಳೆದಿರಲಿಲ್ಲ."

ಮೇಸ್ತ್ರಿ ಫ್ಲಾಸ್ಕನ್ನು ಕಸಿದು ತನ್ನ ಚೀಲದೊಳಗೆ ತುರುಕಿದಳು. ಉಪಕಾರಿ ಅವಳ ಮುಖ ನೋಡಿ ಬಾಯಿ ಮುಚ್ಚಿದ. ಸಾಕುತಾಯಿ ಚಾವಣಿ ನೋಡತೊಡಗಿದಳು. ತಟ್ಟೆ ನೋಡಲು ಬಂದಿದ್ದ ಫಳಫಳ ಮೇಡಂ ಸ್ವಚ್ಛವಾಗಿದ್ದ ಮೇಜನ್ನೇ ಮತ್ತೆ ಒರೆಸಿದರು. ಇವತ್ತೊಂದು ರಾತ್ರಿ ದೊಡ್ಡವರು ನೆಮ್ಮದಿಯಾಗಿ ಮಲಗಲಿ, ನಾಳೆ ತಾನೇ ಹೋಗಿ ಹೇಳಿದರಾಯಿತು ಎಂದು ಮೇಸ್ತ್ರಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ದೊಡ್ಡವರು ಬೆನ್ನು ತಿರುಗಿಸಿ ನಿಂತು, ಒಂದು ಬ್ಯಾಕ್ಟೀರಿಯಾವೂ ಸೋಕದ ಚೂರು ಸರ್, ಅಪ್ಪಟ ಚೂರು ಎಂದು ಮೂರನೇ ಸಲ ಹೇಳಿ ಫೋನು ಇಟ್ಟರು. ನಗುತ್ತಾ ಇತ್ತ ತಿರುಗಿದರು.

ಬೆಳಿಗ್ಗೆಯಿಂದ ಮಾತು ಉಳಿಸಿಕೊಂಡು ಬಾಯಿ ಮುಚ್ಚಿ ಕೂತಿದ್ದ ಮಗಳು ಅಮ್ಮನ ತೋಳು ಜಗ್ಗಿದಳು.

"ಅಮ್ಮಾ, ಹಾಗಾದ್ರೆ ಕಾವಲಿನವರು ಅಷ್ಟು ಜೋರಾಗಿ ಕೂಗಿದ್ದು ಯಾರನ್ನ ನೋಡಿ?"