ಹೆಸರು ಬಂದು ಮುಟ್ಟದ ಬಗ್ಗೆ ಪೆಂಗ್ವಿನ್ ಸಾಹೇಬರಿಗೆ

ಹಿಮಗಡ್ಡಿ ಸೀಮೆಯ ಮೂಲನಿವಾಸಿಗಳೂ, ಸದ್ಯ ನಾಸಿಕದ ನಮ್ಮ ಮನ್ಯಾಗ ಕಂಪ್ಯೂಟರ್ ಡಬ್ಬಿಯ ಬಲಮಗ್ಗಲಕ್ಕ ಸ್ಟಿಕರ್ ರೂಪದಾಗ ವಾಸ ಮಾಡ್ತಿರುವವರೂ, ಲಿನಕ್ಸ್ ಸಂಸ್ಥಾನದ ಒಡೆಯರೂ ಆದ ಪೆಂಗ್ವಿನ್ ಸಾಹೇಬರ ಹಳದಿ ಪಾದಗಳಿಗೆ, ಸ್ಲ್ಯಾಬಿಗೆ ಹಲಗಿ ಕಟ್ಟೂ ಸೆಂಟ್ರಿಂಗ್ ಕೆಲಸದ ಮುಕಾದಮ ಸಾಯಬಣ್ಣ ಅಡ್ಡಬಿದ್ದು ಮಾಡುವ ನಮಸ್ಕಾರಗಳು.

ಮಾನ್ಯರೇ,

ನನಗ ಬರಿಯೂ ಕೈ ಇಲ್ಲ, ಮಾತಾಡೂ ಬಾಯಿ ಅದ. ಹಿಂಗಾಗಿ ಈ ಬಹಿರಂಗ ಪತ್ರನ ವಾಯ್ಸ್ ನೋಟಿನ್ಯಾಗ ಹೇಳಾಕತ್ತೀನಿ. ನಡುನಡುವ ಮಿಕ್ಸರ್ ಗಾಡಿ ಸಪ್ಪಳ ಬಂದ್ರ ಅದು ನನ್ನ ಅಭಿಪ್ರಾಯ ಅಂತ ತಿಳೀಬ್ಯಾಡ್ರಿ. ತಾವು ಅಷ್ಟು ಥಂಡಿಯೊಳಗ ಕ್ಷೇಮ ಇದ್ದೀರಿ ಅಂತ ನಂಬೀನಿ. ಇಲ್ಲಿ ನಾವೆಲ್ಲಾ ಕ್ಷೇಮ, ತಮ್ಮ ನೆಟ್ ಒಂದು ಬಿಟ್ಟು.

ತಾವು ನಮ್ಮ ಮನಿಗೆ ಬಂದ ಬಗಿ ಮೊದಲು ನೆನಪ ಮಾಡಿಕೊಡ್ತೀನಿ. ಸೈಟಿನ ನಕಾಶೆ ದೊಡ್ಡ ಪರದೆ ಮ್ಯಾಲೆ ನೋಡಾಕ ಅಂತ ಒಂದು ಹಳೇ ಕಂಪ್ಯೂಟರ್ ತಗೊಂಡೆ. ಅಂಗಡಿಯಾಂವ "ಕಾಕಾ, ಹ್ಯಾತ ವಿಂಡೋಜ್ ಚಾಲಣಾರ ನಾಹಿ, ಲಿನಕ್ಸ್ ಟಾಕೂನ ದೇತೋ" ಅಂದ. ಮಷಿನ್ ಮುದುಕ ಆಗ್ಯಾದ, ವಿಂಡೋಸಿನ ಭಾರ ಹೊರೂದಿಲ್ಲ, ಅದಕ್ಕ ಹಗೂರದ ಲಿನಕ್ಸ್ ಹಾಕಿ ಕೊಡ್ತೀನಿ ಅಂತ ಅದರರ್ಥ. ಹಾಕಿದ, ಮ್ಯಾಲೆ ಲಿನಕ್ಸಿನ ಗುರುತು ಅಂತ ತಮ್ಮ ಚಿತ್ರ ಹಚ್ಚಿದ. ಹೊಟ್ಟಿ ಬಿಟಗೊಂಡು, ಕಾಲು ಅಗಲ ಮಾಡಿ ಕುಂತ ತಮ್ಮನ್ನ ನೋಡಿ, ಯಾರೋ ಈಗರ ಊಟಾ ಮುಗಿಸಿದ ಸಾವಕಾರ ಇರಬೇಕು ಅಂದ್ಕೊಂಡೆ. ರೆಕ್ಕಿ ಇದ್ದೂ ಹಾರಾಕ ಬರದ ಹಕ್ಕಿನ್ನ ವೇಗದ ಸಾಮಾನಿಗೆ ಯಾಕ ಹಚ್ಯಾರ ಅನ್ನೂ ಪ್ರಶ್ನೆ ಅವತ್ತು ತಲಿಗೆ ಹೊಳೀಲಿಲ್ಲ.

ಈಗ ದೂರಿಗೆ ಬರ್ತೀನಿ. ನನ್ನ ಮಗ ಮೈಲಾರಿಗೆ ಹೆಣ್ಣುಕೂಸು ಹುಟ್ಟ್ಯಾದ. ನಮ್ಮೂರು ಇಂಡಿ ಕಡೆ ಪದ್ಧತಿ ತಮ್ಮ ಹಿಮದಾಗ ಇರಲಿಕ್ಕಿಲ್ಲ, ಅದಕ್ಕ ಬಿಡಿಸಿ ಹೇಳ್ತೀನಿ. ಕೂಸಿಗೆ ಹೆಸರ ಇಡಾಕಿ ಸೋದರತ್ತಿ, ಅಂದ್ರ ಅಪ್ಪನ ಅಕ್ಕನೋ ತಂಗಿನೋ. ಆಕಿ ತೊಟ್ಟಿಲಕ್ಕ ಬಗ್ಗಿ ಕೂಸಿನ ಕಿವ್ಯಾಗ 'ಕುರ್ರ್' ಅಂತ ಹೆಸರ ಹೇಳಬೇಕು, ಹೇಳಿದ ಕೂಡ್ಲೇ ಸುತ್ತ ನಿಂತ ಹೆಂಗಸರು ಆಕಿ ಬೆನ್ನಿಗೆ ಧಪಾಧಪಾ ಗುದ್ದಬೇಕು. ಆಕಿ ಹೇಳೂತನ ಕೂಸಿಗೆ ಹೆಸರಿಲ್ಲ. ಆಧಾರ್ ಕಾರ್ಡ್ ಮಾಡೂ ಸರ್ಕಾರನೂ ಆಕಿ ಬಾಯಿ ನೋಡಿಕೋತ ಕುಂದರಬೇಕು.

ನಮ್ಮ ಕೂಸಿನ ಸೋದರತ್ತಿ ನನ್ನ ಮಗಳು ಮಂಜುಳಾ, ಸಂಭಾಜಿನಗರದಾಗ ಇರ್ತಾಳ. ಆಕಿಗೂ ನನ್ನ ಸೊಸಿ ಹರ್ಷಿಣಿಗೂ ಲಗ್ನದ ದಿನದಿಂದ ಮಾತಿಲ್ಲ. ಹೊಸಾ ಸೊಸಿ ಹೊಸ್ತಿಲಕ್ಕ ಬಂದಾಗ ಮಂಜುಳಾ ಪದ್ಧತಿ ಪ್ರಕಾರ ಬಾಗಲಕ್ಕ ಕೈ ಅಡ್ಡ ಹಿಡದು, "ನಿನಗ ಹೆಣ್ಣು ಹುಟ್ಟಿದ್ರ ನಮ್ಮ ದಿಗಂತಗ ಕೊಡ್ತೀನಿ ಅನ್ನು, ಅಂದ್ರ ಒಳಗ ಬಿಡ್ತೀನಿ" ಅಂದ್ಲು. ದಿಗಂತ ಆಕಿ ಮಗ, ಅವನಿಗೆ ಆವಾಗ ಚಡ್ಡಿ ಗುಂಡಿ ಹಾಕ್ಕೊಳ್ಳಾಕ ಬರ್ತಿರಲಿಲ್ಲ. ಇದೊಂದು ನಗಚಾಟಕಿ ಮಾತು, ಎಲ್ಲಾರೂ ಹೂಂ ಅಂತಾರ, ನಕ್ಕೋತ ಒಳಗ ಬರ್ತಾರ. ಹರ್ಷಿಣಿ ನಾಸಿಕದಾಗ ಹುಟ್ಟಿ ಬೆಳದಾಕಿ. ಕನ್ನಡ ತಿಳೀತದ, ಪದ್ಧತಿ ತಿಳೀದಿಲ್ಲ. ಖರೇನ ಕೇಳಾಕತ್ತಾರ ಅಂತ ತಿಳದು, "ಹುಟ್ಟದ ಮಗಳನ್ನ ನಾ ಯಾರಿಗೂ ಬರಕೊಡಾಂಗಿಲ್ಲ, ಬಾಜೂಲಾ ವ್ಹಾ" ಅಂತ ಅಡ್ಡ ಇದ್ದ ಕೈ ಸರಿಸಿ ಒಳಗ ಬಂದ್ಲು. ಬೀಗರೆಲ್ಲಾರ ಮುಂದ ಮಂಜುಳಾನ ಕೈ ಗಾಳ್ಯಾಗ ಉಳೀತು. ಅವತ್ತು ಊಟಾ ಬಿಟ್ಟು ಹೋದಾಕಿ ತಿರುಗಿ ನಮ್ಮ ಹೊಸ್ತಿಲ ತುಳೀಲಿಲ್ಲ.

ಈಗ ಅದೇ ಸೊಸಿಗೆ ಹೆಣ್ಣ ಹುಟ್ಟಬೇಕ? ಹೆಸರಿಡೂ ನೆಪದಾಗ ಇಬ್ಬರೂ ಮುಖ ನೋಡ್ಯಾರು ಅಂತ ನನ್ನ ಹೆಂಡತಿ ಚನಬಸವ್ವಗ ಆಸೆ. ನನಗೂ ಅದ ಆಸೆ, ನಾ ಬಾಯಿ ಬಿಟ್ಟು ಹೇಳಲಿಲ್ಲ ಅಷ್ಟ. ಕರದ್ರ ಮಂಜುಳಾ, "ನನ್ನ ಬೆನ್ನು ಬಸ್ಸಿಗೆ ತಡ್ಯೂದಿಲ್ಲಪ್ಪ, ವಿಡಿಯೋದಾಗ ಹೇಳ್ತೀನಿ" ಅಂದ್ಲು. ಬೆನ್ನಿನ ಮಾತು ಸುಳ್ಳು ಅಂತ ನನಗ ಗೊತ್ತು. ಆದ್ರೂ ಹೇಳ್ತೀನಿ ಅಂದಾಳಲ್ಲ, ಅಷ್ಟ ಸಾಕು ಅಂತ, ನನ್ನ ಮನಿ ಮಾನಾನ ತಮ್ಮ ಕೈಯಾಗ, ಕ್ಷಮಿಸ್ರಿ, ತಮ್ಮ ರೆಕ್ಕ್ಯಾಗ ಇಟ್ಟೆ. ಮತ್ತೊಂದು ದಾರಿನೂ ಇರಲಿಲ್ಲ. ನಮ್ಮ ಮನಿ ಸುತ್ತ ನಾವ ಸ್ಲ್ಯಾಬ್ ಹಾಕಿದ ಎತ್ತರದ ಬಿಲ್ಡಿಂಗ್ ನಿಂತಾವ, ಅವುಗಳ ಸಂದ್ಯಾಗ ಫೋನಿಗೆ ಸಿಗ್ನಲ್ ಬರೂದಿಲ್ಲ, ಗಚ್ಚಿ ಹತ್ತಿದ್ರ ಅಷ್ಟ ಬರ್ತದ. ವೈಫೈ ಹಾಕಿಸಿಲ್ಲ, ಗಚ್ಚಿ ಮ್ಯಾಲಿಂದ ಒಂದ ವಾಯರ್ ಇಳದು ನೇರ ತಮ್ಮ ಡಬ್ಬಿಗೆ ಬರ್ತದ.

ಹೆಸರಿಡೂ ದಿನ ತೊಟ್ಟಿಲ ಶೃಂಗಾರ ಆತು, ಓಣಿ ಹೆಂಗಸರು ಕೂಡಿದ್ರು, ಮಂಜುಳಾ ಹೊಸಾ ಸೀರಿ ಉಟಗೊಂಡು ಪರದೆ ಮ್ಯಾಲೆ ಬಂದ್ಲು. ಸ್ಪೀಕರ್ ಎತ್ತಿ ಕೂಸಿನ ಕಿವಿ ಬಾಜೂಕ ಇಟ್ವಿ. ಆಕಿ "ಕುರ್ರ್" ಅಂದ್ಲು. ಅಷ್ಟರಾಗ ತಾವು ಆಕಿನ್ನ ಬಾಯಿ ತೆರದಾಂಗ ನಿಲ್ಲಿಸಿ, ಮೂಗಿನ ಮ್ಯಾಲೆ ಒಂದು ಚಕ್ರ ತಿರುಗಾಕ ಬಿಟ್ರಿ. ಹೆಸರು ಬರಲೇ ಇಲ್ಲ. ಗುದ್ದಾಕ ಎತ್ತಿದ ಕೈ ಎತ್ತಿಕೊಂಡ ಹೆಂಗಸರು ನಿಂತ್ರು. ಒಬ್ಬಾಕಿ, "ಅತ್ತಿ ಹಲ್ಲಿನ ಡಾಕ್ಟರ್ ಮುಂದ ಕುಂತಾಂಗ ಕುಂತಾಳಲ್ಲ" ಅಂದ್ಲು. ಹರ್ಷಿಣಿಗೆ ಫಕ್ಕನ ನಗಿ ಬಂತು. ತಮ್ಮ ಕರಾಮತ್ತು ನೋಡ್ರಿ: ಮಂಜುಳಾನ ದನಿ ಈ ಕಡೆ ಬರಲಿಲ್ಲ, ಹರ್ಷಿಣಿ ನಗಿ ಮಾತ್ರ ಒಂದು ಚೂರೂ ಚೆಲ್ಲದಂಗ ಆ ಕಡೆ ಮುಟ್ಟಿಸಿದ್ರಿ. ಇಂಥಾ ಪ್ರಾಮಾಣಿಕ ಟಪಾಲು ಸೇವಾ ನಾ ಎಲ್ಲೂ ಕಂಡಿಲ್ಲ.

ನಾ ಫೋನ್ ತಗೊಂಡು ಗಚ್ಚಿಗೆ ಓಡಿ ಮಂಜುಳಾಗ ಹಚ್ಚಿದೆ. "ನಗಾಕ ಕರದಿದ್ರೇನಪ್ಪ? ನನ್ನ ದನಿ ಬರಬಾರ್ದಂತ ನಿಮ್ಮ ಸೊಸೀನ ಬಂದ್ ಮಾಡ್ಯಾಳ" ಅಂದ್ಲು. ಹಂಗಲ್ಲವಾ, ಫೋನಿನ್ಯಾಗರ ಹೆಸರ ಹೇಳಿಬಿಡು ಅಂದೆ. "ತೊಟ್ಟಿಲದ ಮುಂದ, ನಾಲ್ಕು ಹೆಂಗಸರ ನಡುವ ಹೇಳೂದದು, ಗಚ್ಚಿ ಮ್ಯಾಲೆ ಒದರೂದಲ್ಲ. ಮುಂದಿನ ಸೋಮವಾರ ಇನ್ನೊಂದ ಸಲ ಕುಂದರ್ತೀನಿ. ಅವತ್ತೂ ಹಿಂಗ ಆದ್ರ ಹೆಸರ ನೀವ ಇಟಗೋರಿ, ನನಗ ತವರು ಇಲ್ಲ ಅಂತ ತಿಳೀತೀನಿ" ಅಂತ ಫೋನ್ ಇಟ್ಲು.

ಅವತ್ತಿನಿಂದ ನಾ ತಮ್ಮ ಸೇವಾಕ್ಕ ಬಿದ್ದೆ. ಮೊದಲು ವಾಯರ್ ಎಳದ ಕಂಪನಿಗೆ ಫೋನ್ ಮಾಡಿದೆ. ಎತ್ತಿದಾಂವ "ಆಮಚ್ಯಾಕಡೂನ ಸಗಳಾ ಓಕೆ ಆಹೆ" ಅಂದ, ತನ್ನ ಕಡೆ ಎಲ್ಲಾ ಬರೋಬ್ಬರಿ ಅದ ಅಂತ. ಬಂದ್ ಮಾಡಿ ಚಾಲೂ ಮಾಡು ಅಂದ, ಮಾಡಿದೆ. ಆಮ್ಯಾಲೆ ಡಬ್ಬ್ಯಾಗ ಇರೂದು ಲಿನಕ್ಸ್ ಏನು ಅಂತ ಕೇಳಿದ. ಹೌದು ಅಂದ ಕೂಡ್ಲೇ ಅವನ ದನಿ ಸಣ್ಣಗಾತು. ದುಃಖದ ಮನಿಯವರ ಕೂಡ ಮಾತಾಡಿದಾಂಗ ಎರಡು ಮಾತಾಡಿ ಫೋನ್ ಇಟ್ಟ.

ಆಮ್ಯಾಲೆ ಗಚ್ಚಿ ಮ್ಯಾಲೆ ಕುಂತು, ಫೋನಿನ್ಯಾಗ ತಮ್ಮ ಭಕ್ತಮಂಡಳಿ ಹುಡುಕಿದೆ. ಅಗದೀ ಸಜ್ಜನರು. ಮೊದಲು ಎಲ್ಲಾ ಅಪ್‌ಡೇಟ್ ಮಾಡ್ಕೋರಿ ಅಂದ್ರು. ನೆಟ್ ನಡೀವಲ್ದು ಅಂದ್ರ ಅದರ ಔಷಧ ನೆಟ್ಟಿನ ಮ್ಯಾಲೆ ತರಬೇಕು. ಲಿಫ್ಟ್ ಕೆಟ್ಟದ ಅಂದ್ರ ರಿಪೇರಿ ಮಾಡಾಂವ ಅದೇ ಲಿಫ್ಟಿನ್ಯಾಗ ಬರ್ತಾನ ಅಂದಾಂಗ. ಅದನ್ನೂ ಮಾಡಿದೆ. ಅಪ್‌ಡೇಟು ಬರೂತನ ನಮ್ಮ ಸೈಟಿನ್ಯಾಗ ಒಂದು ಸ್ಲ್ಯಾಬು ಹಾಕಿ, ನೀರು ಹೊಡದು, ಹಲಗಿ ಬಿಚ್ಚಬಹುದಿತ್ತು. ಇನ್ನೊಬ್ಬ ಭಕ್ತ ಡಿಎನ್‌ಎಸ್ ಬದಲಿ ಮಾಡು ಅಂದ. ಅದು ಹೆಸರ ಕೊಟ್ರ ವಿಳಾಸ ಹುಡುಕಿ ಕೊಡೂದಂತ. ನಮ್ಮ ಕೂಸಿಗೆ ವಿಳಾಸ ಅದ, ಹೆಸರಿಲ್ಲ. ಉಲ್ಟಾ ನಡೀತದೇನು ಅಂತ ನೋಡಿದೆ, ನಡೀಲಿಲ್ಲ.

ಮತ್ತೊಬ್ಬ ಪರದೆ ಮ್ಯಾಲೆ ಹುಕುಂ ಬರಿಯೂ ಕರೇ ಕಿಟಕಿ ತಗದು 'ಪಿಂಗ್' ಅಂತ ಟೈಪ್ ಮಾಡು ಅಂದ. ಇದು ನನ್ನ ಮನಸ್ಸಿಗೆ ಬಂತು. ಒಂದು ಕೂಗು ಹಾಕೂದು, ಅದು ತಿರುಗಿ ಬರೂತನ ಕಾಯೂದು. ನಾ ಹಾಕಿದ ಕೂಗಿನ್ಯಾಗ ಅರ್ಧಕ್ಕರ್ಧ ತಿರುಗಿ ಬರಲಿಲ್ಲ. ಹಿಂದ ನಿಂತಿದ್ದ ಚನಬಸವ್ವ, "ನಾ ಕರದ್ರ ನೀವೂ ಹಿಂಗ ಅಲ್ಲೇನು" ಅಂದ್ಲು.

ಕಡೀಕ ಒಬ್ಬ ಪುಣ್ಯಾತ್ಮ, ವಾಯರು ಮತ್ತ ಡಬ್ಬಿ ತಮ್ಮತಮ್ಮೊಳಗ ಎಷ್ಟು ವೇಗಕ್ಕ ಮಾತಾಡಿಕೊಂಡಾವ ಅಂತ ತೋರಿಸೂ ಹುಕುಂ ಹೇಳಿಕೊಟ್ಟ. ಸಾವಿರ ಇರಬೇಕಾದಲ್ಲಿ ಹತ್ತು ಅಂತ ತೋರಿಸ್ತು. ಸ್ಲ್ಯಾಬು ಸೋರಿದ್ರ ನಾವು ಸಿಮೆಂಟಿಗೆ ಬೈಯೂದಿಲ್ಲ, ಹಲಗಿ ಸಂದು ನೋಡ್ತೀವಿ. ವಾಯರ್ ಕಿತ್ತು, ಡಬ್ಬಿ ಹಿಂದಿನ ತೂತಿಗೆ ಬ್ಯಾಟರಿ ಬೆಳಕು ಬಿಟ್ಟೆ. ಒಳಗ ಒಣಗಿದ ಗಂಧ, ಕುಂಕುಮ, ನಡುವ ಒಂದು ಅಕ್ಕಿಕಾಳು.

ಮಹಾನವಮಿಗೆ ಥಾಪಿ, ಕರಣಿ, ಹಾತೋಡಿ, ಎಲ್ಲಾ ಕೆಲಸದ ಸಾಮಾನಿನ ಜೋಡಿ ತಮಗೂ ಪೂಜಿ ಆಗಿತ್ತು. ಚನಬಸವ್ವನ್ನ ಕರದು ತೋರಿಸಿದೆ. "ನನಗೇನ ಗೊತ್ತು ಇದರ ಬಾಯಿ ಎಲ್ಲಿ, ಕಣ್ಣು ಎಲ್ಲಿ ಅಂತ? ವಾಯರ್ ಕಚಗೊಂಡು ಕುಂತಿತ್ತು, ಇದ ಬಾಯಿ ಅಂತ ತಿಳಿದೆ. ಪೂಜಿ ಮಾಡಿದ ಮ್ಯಾಲೆ ನೈವೇದ್ಯ ತಿನಿಸಬಾರ್ದೇನು? ತಿನಿಸಿ ವಾಯರ್ ಮತ್ತ ಬಾಯಾಗ ಕೊಟ್ಟೀನಲ್ಲ" ಅಂದ್ಲು. ಆಕಿ ಭಕ್ತಿಯೊಳಗ ನನಗ ಏನೂ ತಪ್ಪು ಕಾಣಲಿಲ್ಲ. ನನ್ನ ತಕರಾರು ತಮ್ಮ ಮ್ಯಾಲೆ. ಬಾಯಾಗ ಅಕ್ಕಿ ಸಿಗಬಿದ್ರ ಮನುಷ್ಯಾ ಕೆಮ್ಮತಾನ, ಎಮ್ಮಿ ಉಗುಳ್ತದ. ತಾವು ಒಂದು ಮಾತು ಹೇಳಲಿಲ್ಲ. ಸಾವಿರದಿಂದ ಹತ್ತಕ್ಕ ಇಳಿದೀನಿ ಅಂತ ಒಂದು ಚೀಟಿ ಪರದೆ ಮ್ಯಾಲೆ ಹಚ್ಚಲಿಲ್ಲ. ಎಲ್ಲಾ ಬರೋಬ್ಬರಿ ಅದ ಅನ್ನೂ ಮುಖ ಮಾಡ್ಕೊಂಡು, ಹತ್ತಕ್ಕ ಒಪಗೊಂಡು, ಹೊಟ್ಟಿ ಬಿಟಗೊಂಡು ಕುಂತ್ರಿ. ಇಂಥಾ ಸಹನಶೀಲರು ನಮ್ಮ ಮಂತ್ರಿಮಂಡಲದಾಗೂ ಸಿಗಲಿಕ್ಕಿಲ್ಲ. ಕಸಬರಿಗಿ ಕಡ್ಡಿಯಿಂದ ಅಕ್ಕಿ ತಗದು, ಹಳೇ ಬ್ರಷ್‌ಲೇ ತಿಕ್ಕಿ, ವಾಯರ್ ಕೊಟ್ಟೆ. ಸಾವಿರ ಅಂತ ಬಂತು.

ಸೋಮವಾರ ಮಂಜುಳಾ ಬಂದ್ಲು. ಪರದೆ ಕನ್ನಡಿಯಾಂಗ ಸ್ವಚ್ಛ. ಹರ್ಷಿಣಿ ಯಾರಿಗೂ ಕೊಡದ, ತಾನ ಕೂಸನ್ನ ಎತಗೊಂಡು ಪರದೆ ಹತ್ರ ಹಿಡದ್ಲು. ಮಂಜುಳಾ "ಕುರ್ರ್" ಅಂದು ನಿಂತ್ಲು. ಬಾಯಿ ತೆರದಾಂಗ ಅದ, ದನಿ ಇಲ್ಲ. ಕರೇ ಕಿಟಕಿ ತಗದು ಪಿಂಗ್ ಹೊಡದೆ. ಹಾಕಿದ ಕೂಗು ಒಂದೂ ಬಿಡದ ಸಾಲಾಗಿ ತಿರುಗಿ ಬರಾಕತ್ತಿದ್ವು. ವಾಯರ್ ಒತ್ತಿದೆ, ಟೇಬಲ್ ಬಡದೆ, ತಮಗ ಬಾಯಿಗೆ ಬಂದಾಂಗ ಬೈದೆ. ಮೈಲಾರಿ ನನ್ನ ಕೈ ಹಿಡದು, "ಅಪ್ಪಾ, ಬಿಡ್ರಿ. ನೆಟ್ ನಿಂತಿಲ್ಲ, ಅಕ್ಕ ನಿಂತಾಳ" ಅಂದ. ನೋಡಿದ್ರ ಆಕಿ ಹಿಂದಿನ ಗ್ವಾಡಿ ಮ್ಯಾಲೆ ಕ್ಯಾಲೆಂಡರಿನ ಹಾಳಿ ಫ್ಯಾನಿನ ಗಾಳಿಗೆ ಪಟಪಟ ಹಾರಾಕತ್ತಿತ್ತು.

ಹರ್ಷಿಣಿ ತನ್ನ ಅರೆಬರೆ ಕನ್ನಡದಾಗ, "ಅಕ್ಕಾ, ಅವತ್ತ ನಿಮಗ ನಗಲಿಲ್ರಿ. ಬಾಗಲದಾಗೂ ಮಲಾ ಮಾಹೀತ ನವ್ಹತ, ಗೊತ್ತಿರಲಿಲ್ಲ. ಖರೇನ ಕೇಳ್ತೀರಿ ಅಂತ ಅಂಜಿಕಿ ಬಂತು" ಅಂದ್ಲು. ಮಂಜುಳಾ ಸೆರಗಿಲೆ ಮೂಗು ಒರಸಿಕೊಂಡ್ಲು. "ಇಕಿನ್ನ ಯಾರಿಗೂ ಬರಕೊಡಬ್ಯಾಡ. ನನ್ನ ಮಗನಿಗೂ ಬ್ಯಾಡ. ಕಿವಿ ಇನ್ನೊಂದೀಟು ಹತ್ರ ಹಿಡಿ" ಅಂದು, "ಕುರ್ರ್... ಇಂಚರಾ" ಅಂದ್ಲು. ಇಂಚರ ಅಂದ್ರ ಹಕ್ಕಿ ದನಿ. ತಾವೂ ಹಕ್ಕಿ ಅಂತ ಇದರಾಗ ಪಾಲು ಕೇಳಾಕ ಬರಬ್ಯಾಡ್ರಿ, ತಮ್ಮ ದನಿ ನಾವು ಬೇಕಾದಾಗ ಕೇಳಿಲ್ಲ.

ಹೆಂಗಸರ ಕೈ ಮ್ಯಾಲೆದ್ದಿದ್ವು, ಗುದ್ದಾಕ ಬೆನ್ನು ಇಲ್ಲ. ಒಬ್ಬಾಕಿ ತಡೀಲಾರದ ತಮ್ಮ ಡಬ್ಬಿಗೆ ಧಪ್ ಅಂತ ಕೊಟ್ಲು, ಉಳದವರೂ ಕೂಡಿದ್ರು. ಪರದೆ ಒಳಗಿಂದ ಮಂಜುಳಾ ಒದರಿದ್ಲು: "ಏ ಏ, ಅವು ನನ್ನ ಗುದ್ದು! ಆ ಡಬ್ಬಿಗ್ಯಾಕ ಕೊಡ್ತೀರಿ? ಉಳಿಸಿಡ್ರಿ, ನಾಳೆ ಮುಂಜಾನೆ ಬಸ್ಸಿಗೆ ಬರ್ತೀನಿ." ಬೆನ್ನು ಹ್ಯಾಂಗವಾ ಅಂತ ಕೇಳಿದೆ. "ಬೆನ್ನಿಗೇನಾಗ್ಯಾದ?" ಅಂದ್ಲು.

ಇಷ್ಟಾದ ಮ್ಯಾಲೆ ನನ್ನ ವಿನಂತಿ. ತಮಗ ವೇಗ ಬಂದಾಗಿನಿಂದ ನಮಗೊಂದು ಹೊಸಾ ಪಂಚಾಯತಿ ಬಂದಾದ. ಮೊದಲು ಯಾರರ ಮಾತು ನುಂಗಿದ್ರ ನೆಟ್ ಸ್ಲೋ ಅದ ಅಂತ ತಮ್ಮ ಮ್ಯಾಲೆ ಹಾಕಿ ಮಲಗ್ತಿದ್ವಿ. ಈಗ ಸುಮ್ಮನಾದಾಕಿ ಸುಮ್ಮನಾಗ್ಯಾಳ ಅಂತ ಎಲ್ಲಾರಿಗೂ ಕಾಣ್ತದ. ಸಂಸಾರಸ್ಥರ ಸಲುವಾಗಿ ಒಂದು ಸಣ್ಣ ಗುಂಡಿ ಇಟಗೊಡಬೇಕು, ಒತ್ತಿದ್ರ ಹಳೇ ಚಕ್ರ ಒಂದೀಟು ಹೊತ್ತು ತಿರುಗಬೇಕು, ಕಣ್ಣು ಒರಸಿಕೊಳ್ಳೂತನ. ಹಂಗ, ಮುಂದ ಬಾಯಾಗ ಏನರ ಸಿಗಬಿದ್ರ, ದಯಮಾಡಿ ಒಂದ ಸಲ ಕೆಮ್ಮಬೇಕು.

ಸಾವಿರದ ವೇಗದಾಗೂ ತಮ್ಮನ್ನ ಪೂರ್ತಿ ನಂಬದ,
ತಮ್ಮ ವಿಶ್ವಾಸಿ,
ಸಾಯಬಣ್ಣ, ಸೆಂಟ್ರಿಂಗ್ ಮುಕಾದಮ, ನಾಸಿಕ

ತಾ.ಕ.: ಮಂಜುಳಾ ಹೇಳಿದಾಂಗ ಬಂದ್ಲು. ದಾರ್ಯಾಗ ರೇಷ್ಮಿ ಸೀರಿ ನೇಯೂ ಯೇವಲಾದಾಗ ಇಳದು, ಸೋದರತ್ತಿಗೆ ಸಲ್ಲಬೇಕಾದ ಪೈಠಣಿ ಸೀರಿ ತಾನ ಆರಿಸಿಕೊಂಡು, ಅದನ್ನ ಉಟಗೊಂಡ ಗುದ್ದು ತಿಂದ್ಲು. ತಿರುಗಿ ಹೋದಮ್ಯಾಲೆ ದಿನಾ ಪರದೆ ಮ್ಯಾಲೆ ಬರ್ತಾಳ. ಆಕಿ, ಹರ್ಷಿಣಿ ಈಗ ಒಂದ ಪಾರ್ಟಿ; ನನ್ನ ಗೊರಕಿ, ನನ್ನ ತಂಬಾಕು, ನನ್ನ ವಾಯ್ಸ್ ನೋಟಿನ ಉದ್ದ, ಎಲ್ಲಾದರ ಮ್ಯಾಲೂ ಆ ಕಡಿಂದ ಈ ಕಡೆ ವಿಚಾರಣೆ ನಡೀತದ, ಒಂದು ಅಕ್ಷರನೂ ನಡುವ ಬಿದ್ದುಹೋಗೂದಿಲ್ಲ. ಇಷ್ಟು ಚೊಲೋ ಕೆಲಸ ಮಾಡ್ರಿ ಅಂತ ತಮಗ ಯಾರು ಹೇಳಿದ್ರು?