ಸಾವಿರದ ಇನ್ನೂರು ಅಧ್ಯಾಯಕ್ಕೆ ಒಬ್ಬ ಜೊತೆಗಾರ

ಒಳ್ಳೆಯ ಕಥೆ ಓದಿದವನಿಗೆ ಸುಮ್ಮನಿರಲು ಆಗುವುದಿಲ್ಲ. ಇನ್ನೊಬ್ಬರಿಗೆ ಓದಿಸಲು ಹೋಗಿ ಮರ್ಯಾದೆ ಕಳೆದುಕೊಳ್ಳುತ್ತಾನೆ. ನನ್ನದು ವಾರಕ್ಕೊಮ್ಮೆಯಾದರೂ ಹೋಗುತ್ತದೆ.

ಮೂರ್ನಾಡಿನ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಸಾಹಿತಿಯಲ್ಲ, ಆಳುಗಳ ಹಾಜರಿ ಬರೆಯುವವನು. ಮೊಬೈಲಿನಲ್ಲಿ ದಿನಕ್ಕೊಂದು ಅಧ್ಯಾಯ ಬರುವ ಒಂದು ಧಾರಾವಾಹಿಯ ಹುಚ್ಚು ನನಗೆ. ಅದರಲ್ಲಿ ಯಾರೂ ಲೆಕ್ಕಕ್ಕಿಡದ ಒಬ್ಬ ಒಂದೊಂದೇ ಲೆವೆಲ್ ಏರುತ್ತಾ ರಾಕ್ಷಸರನ್ನು ಸದೆಬಡಿಯುತ್ತಾನೆ, ನಡುವೆ ಹೋಟೆಲು ನಡೆಸುತ್ತಾನೆ, ಕೊಲೆಗಾರರನ್ನೂ ಹಿಡಿಯುತ್ತಾನೆ. ಸಾವಿರದ ಇನ್ನೂರು ಅಧ್ಯಾಯ ಆಗಿದೆ. ಅದರ ಬಗ್ಗೆ ಮಾತಾಡಲು ಒಬ್ಬ, ಒಬ್ಬನೇ ಒಬ್ಬ ಜೊತೆಗಾರ ಸಿಕ್ಕಿದರೆ ಸಾಕಿತ್ತು. ಮನೆಯಲ್ಲಂತೂ ಆ ಮಾತೆತ್ತಿದರೆ ಟಿವಿಯ ಸೌಂಡ್ ಜಾಸ್ತಿಯಾಗುತ್ತದೆ.

೧. ಮೇಷ್ಟ್ರು

ರಿಟೈರಾದ ಮೇಷ್ಟ್ರೊಬ್ಬರು ಊರಿಗೇ ದೊಡ್ಡ ಓದುಗರು. ಹಾಗೆಂದು ಅವರೇ ಹೇಳುತ್ತಾರೆ.

"ಒಟ್ಟು ಎಷ್ಟು ಅಧ್ಯಾಯ?" ಎಂದರು.

"ಇನ್ನೂ ಮುಗಿದಿಲ್ಲ ಸಾರ್, ಬರೀತಾನೇ ಇದ್ದಾರೆ."

"ನಂಗೀಗ ಎಪ್ಪತ್ತೆರಡು. ಮೊದಲು ಯಾರು ಮುಗೀತಾರೆ ನೋಡುವ. ಅವನ ಕಥೆ ಮುಗಿದ ಮೇಲೂ ನಾನು ಇದ್ರೆ ತಂದುಕೊಡಿ."

೨. ಆನೆ

ಪಕ್ಕದ ತೋಟದ ಯಜಮಾನರಿಗೆ ಅವರ ಮನೆಯ ಜಗಲಿಯಲ್ಲಿ ಕೂತು ಅತಿ ಒಳ್ಳೆಯ ಭಾಗವನ್ನೇ ಓದಿ ಹೇಳಿದೆ. ಹತ್ತಡಿ ಎತ್ತರದ ಮೃಗದ ಜೊತೆ ಹೀರೋ ಮೂರು ಅಧ್ಯಾಯ ಹೋರಾಡುತ್ತಾನೆ. ಓದುವಾಗ ನನಗೇ ಮೈ ಜುಮ್ಮೆಂದಿತು. ಅವರು ಆಕಳಿಸಿದರು.

"ಆಮೇಲೆ ಎಂತ ಆಯ್ತು?"

"ನಾಲ್ಕನೇ ಲೆವೆಲ್‌ಗೆ ಏರಿದ!"

"ಹೋದ ವಾರ ನಮ್ಮ ತೋಟಕ್ಕೆ ಐದು ಆನೆ ಬಂದಿದ್ವು. ನನ್ನ ಹೆಂಡ್ತಿ ಪಟಾಕಿ ಹೊಡೆದು ಓಡಿಸಿದ್ಲು. ಅವಳದ್ದು ಎಷ್ಟನೇ ಲೆವೆಲ್?"

ಅಷ್ಟರಲ್ಲಿ ಒಳಗಿನಿಂದ ಆಕೆಯ ದನಿ ಬಂತು: "ಆ ಹೀರೋನ ಒಂದು ವಾರ ಇಲ್ಲಿಗೆ ಕಳ್ಸಿ. ನೂರನೇ ಲೆವೆಲ್ ಮಾಡಿ ವಾಪಸ್ ಕೊಡ್ತೇನೆ."

೩. ಹೋಟೆಲಿನ ಅಕ್ಕ

ಹಂದಿ ಮಾಂಸದ ಪಂದಿ ಕರಿಗೆ ಹೆಸರಾದ, ನಾನು ಊಟಕ್ಕೆ ಹೋಗುವ ಹೋಟೆಲಿನ ಅಕ್ಕನಿಗೆ ಹೇಳಿದೆ, ಇದರಲ್ಲಿ ಯುದ್ಧ, ಅಡುಗೆ, ಪತ್ತೇದಾರಿ, ಪ್ರೇಮ ಎಲ್ಲವೂ ಇದೆ ಎಂದು.

"ಪಂದಿ ಕರಿಯನ್ನು ಪಾಯಸಕ್ಕೆ ಹಾಕಿದ್ರೆ ಯಾರು ತಿಂತಾರೆ ಮಾರಾಯ್ರೆ?" ಎಂದರು. ಆದರೂ ಪಾಪ, ಇಪ್ಪತ್ತು ಅಧ್ಯಾಯ ಓದಿದರು. ಮರುದಿನ ಕಡುಬು ಬಡಿಸುತ್ತಾ ತೀರ್ಪು ಕೊಟ್ಟರು: "ಬರೀ ಸುಳ್ಳು."

"ರಾಕ್ಷಸರು ಬಂದದ್ದಕ್ಕಾ ಅಕ್ಕ?"

"ರಾಕ್ಷಸರು ಇರಲಿ. ಅಷ್ಟು ದೊಡ್ಡ ಹೋಟೆಲು ಅಂತೆ, ಒಂದು ದಿನವೂ ಯಾರೂ ಪಾತ್ರೆ ತೊಳೆದದ್ದೇ ಇಲ್ಲ."

೪. ಕೊನೆಗೂ ಒಬ್ಬರು

ನಮ್ಮ ಎಸ್ಟೇಟಿನ ಓನರ್ ಜಾರಿಬಿದ್ದು ಕಾಲು ಮುರಿದುಕೊಂಡರು. ಮೂರು ತಿಂಗಳು ಮನೆಯಲ್ಲೇ. ಹಣ್ಣು ತೆಗೆದುಕೊಂಡು ನೋಡಲು ಹೋದವನು ಅವರ ಫೋನಿಗೆ ಧಾರಾವಾಹಿಯನ್ನೂ ಹಾಕಿಕೊಟ್ಟು ಬಂದೆ. ಓದುತ್ತಾರೆಂಬ ಆಸೆಯೇನೂ ಇರಲಿಲ್ಲ.

ನಾಲ್ಕೇ ದಿನಕ್ಕೆ ಫೋನ್ ಬಂತು. "ರೈಟ್ರೇ, ಅವನ ಗುರು ಮೋಸಗಾರನಾ?" ಆಮೇಲೆ ದಿನಾ ಸಂಜೆ ಅರ್ಧ ಗಂಟೆ ನಮ್ಮದು ಅದೇ ಮಾತು. ನನಗೆ ಸ್ವರ್ಗಕ್ಕೆ ಮೂರೇ ಗೇಣು. ಮೇಷ್ಟ್ರಿಗೂ ಅಕ್ಕನಿಗೂ ಕರೆದು ಕರೆದು ಹೇಳಿದೆ, ಓದುಗ ಎಂದರೆ ಹೀಗಿರಬೇಕು, ಒಂದಕ್ಷರ ಬಿಡುವುದಿಲ್ಲ ಎಂದು.

ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಜೋರಾಗಿದ್ದಾಗ ಅವರು ಕೋಲೂರಿಕೊಂಡು ತೋಟಕ್ಕೆ ಬಂದರು. ಆಳುಗಳೂ ಅವರನ್ನು ಕೆಲಸಕ್ಕೆ ಹಚ್ಚುವ ಮೇಸ್ತ್ರಿಯೂ ಸುತ್ತ ನಿಂತಿದ್ದರು.

"ಎಲ್ಲ ಮುಗಿಸಿದೆ ರೈಟ್ರೇ. ಕಥೆ ಚೆನ್ನಾಗಿದೆ. ಆದ್ರೆ ಕೆಳಗೆ ಓದುಗರು ಬರೆಯೋ ಕಾಮೆಂಟ್ ಇದೆಯಲ್ಲ, ಅದು ಇನ್ನೂ ಚೆನ್ನಾಗಿದೆ."

ಪ್ರತಿ ಅಧ್ಯಾಯದ ಕೆಳಗೂ ನನ್ನ ಹೆಸರು, ಫೋಟೋ ಸಮೇತ ನಾನು ಎರಡು ಸಾಲು ಬರೆದಿದ್ದೆ. ಅವರು ಕನ್ನಡಕ ಏರಿಸಿ ಎಲ್ಲರಿಗೂ ಕೇಳುವಂತೆ ಓದಿದರು:

"'ಬೆಳಿಗ್ಗೆ ಹತ್ತೂವರೆ. ತೋಟದ ಸಿಲ್ವರ್ ಓಕ್ ಮರದ ಬುಡದಲ್ಲಿ ಕೂತು ಓದಿದೆ. ಕಣ್ಣೀರು ನಿಲ್ಲಲಿಲ್ಲ.' ಇನ್ನೊಂದು: 'ಮಧ್ಯಾಹ್ನ ಎರಡು ಗಂಟೆ. ಕೆಲಸವನ್ನೆಲ್ಲ ಮೇಸ್ತ್ರಿ ನೋಡಿಕೊಳ್ಳುತ್ತಾನೆ. ಲೇಖಕರೇ, ಇನ್ನೆರಡು ಅಧ್ಯಾಯ ಹಾಕಿ.'"

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಮೇಸ್ತ್ರಿ ಆಕಾಶ ನೋಡಿದ.

"ಮೇಸ್ತ್ರಿ ಇವತ್ತಿಂದ ಒಂದು ಲೆವೆಲ್ ಮೇಲೆ," ಎಂದರು ಓನರ್. "ಹಾಜರಿ ಪುಸ್ತಕ ಅವನಿಗೆ ಕೊಡಿ."

"ನಾನು ಸರ್?"

"ಒಂದನೇ ಅಧ್ಯಾಯದಲ್ಲಿ ಹೀರೋ ಎಂತ ಮಾಡ್ತಿರ್ತಾನೆ?"

"ಮೂಟೆ ಹೊರ್ತಿರ್ತಾನೆ ಸರ್."

ಅವರು ಕೋಲೆತ್ತಿ ಕಾಫಿ ಮೂಟೆಗಳನ್ನೂ ಅವುಗಳಿಗಾಗಿ ಕಾದು ನಿಂತ ಜೀಪನ್ನೂ ತೋರಿಸಿದರು. "ಶುರು ಮಾಡಿ."